ಕೈಗೆ ಉಳಿದದ್ದು

ಜೂನ್ ತಿಂಗಳು ಬಂತೆಂದರೆ ಮಕ್ಕಳಿರುವ ಪ್ರತಿಯೊಂದು ಮನೆಯ ಅಟ್ಟಕ್ಕೂ ಒಂದು ಕಟ್ಟು ಹಳೆಯ ಪುಸ್ತಕ ಏರುತ್ತದೆ. ಹಿಂದೆಲ್ಲ ಇದರ ವಿಲೇವಾರಿ ಬಹಳ ಸುಲಭವಾಗಿತ್ತು. ಪಾಸಾದ ಹುಡುಗ ತನ್ನ ಪುಸ್ತಕಗಳನ್ನು ಹಿಂದಿನ ಬೀದಿಯ ಹುಡುಗನಿಗೆ ಅರ್ಧ ಬೆಲೆಗೆ ಕೊಡುತ್ತಿದ್ದ. ರಟ್ಟು ಕಿತ್ತಿದ್ದರೆ ಕಾಲು ಬೆಲೆ. ಚೌಕಾಸಿಯೆಲ್ಲ ಇಬ್ಬರು ತಾಯಂದಿರ ನಡುವೆ, ಬೀದಿ ನಲ್ಲಿಯ ಮುಂದೆ, ಬಿಂದಿಗೆ ತುಂಬುವಷ್ಟರಲ್ಲಿ ಮುಗಿಯುತ್ತಿತ್ತು. ಪುಸ್ತಕಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಕಂಕುಳಲ್ಲಿ ಹೋಗುತ್ತಿದ್ದವು. ಬಾಡಿಗೆ ಇಲ್ಲ, ದಲ್ಲಾಳಿ ಇಲ್ಲ, ದಾರವೂ ಬೇಕಿರಲಿಲ್ಲ.

ಈಗ ಆ ಹಿಂದಿನ ಬೀದಿ ಮೊಬೈಲಿನೊಳಗೆ ಬಂದು ಕುಳಿತಿದೆ. ಪುಸ್ತಕದ ಚಿತ್ರ ತೆಗೆದು ಹಾಕಿದರೆ ಅರ್ಧ ಗಂಟೆಯಲ್ಲಿ ಬೀದರಿನಿಂದಲೋ ಚಾಮರಾಜನಗರದಿಂದಲೋ ಯಾರಾದರೂ ‘ಇನ್ನೂ ಇದೆಯಾ?’ ಎಂದು ಕೇಳುತ್ತಾರೆ. ಗಿರಾಕಿ ಸಿಕ್ಕಿದ್ದು ಸುಲಭವಾಯಿತು, ನಿಜ. ಆದರೆ ಆ ಗಿರಾಕಿ ಇರುವುದು ನಾನೂರು ಕಿಲೋಮೀಟರ್ ದೂರದಲ್ಲಿ ಎಂಬುದು ಮಾರುವವರಿಗೆ ಆ ಹೊತ್ತಿನ ಸಂಭ್ರಮದಲ್ಲಿ ಹೊಳೆಯುವುದೇ ಇಲ್ಲ.

ತಿಪಟೂರಿಗೆ ಹತ್ತಿರದ ಒಂದು ಹಳ್ಳಿಯ ಹುಡುಗಿಗೆ 2025ರ ಜೂನ್‌ನಲ್ಲಿ ಆದದ್ದೂ ಇದೇ. ದ್ವಿತೀಯ ಪಿಯು ವಿಜ್ಞಾನ ಮುಗಿಸಿದ್ದಳು. ತುಮಕೂರಿನಲ್ಲಿ ಬಿಎಸ್ಸಿಗೆ ಸೀಟು ಸಿಕ್ಕಿತ್ತು. ಹಾಸ್ಟೆಲಿಗೆ ಸೇರುವಾಗ 3,000 ರೂಪಾಯಿ ಠೇವಣಿ ಕಟ್ಟಬೇಕಿತ್ತು. ಅಪ್ಪ ಬೆಂಗಳೂರಿನಲ್ಲಿ ಒಂದು ಕಟ್ಟಡದ ಕಾವಲುಗಾರ. ತಿಂಗಳಿಗೊಮ್ಮೆ ಊರಿಗೆ ಬರುತ್ತಾನೆ. ಮನೆಯಲ್ಲಿ ತಾಯಿ, ತಾತ, ಇಪ್ಪತ್ತು ತೆಂಗಿನ ಮರ. ತಾಯಿ ಮಹಿಳಾ ಸಂಘದಲ್ಲಿ 3,000 ಸಾಲ ತೆಗೆಯುವ ಮಾತಾಡಿದಳು. ಹಿಂದಿನ ಸಾಲವೇ ಇನ್ನೂ ನಾಲ್ಕು ಕಂತು ಬಾಕಿ ಇತ್ತು. ಅದು ಹುಡುಗಿಗೂ ಗೊತ್ತಿತ್ತು.

“ನನ್ನ ಪುಸ್ತಕ ಮಾರ್ತೀನಮ್ಮ. ಸಾಲ ಬೇಡ” ಎಂದಳು.

ಪುಸ್ತಕಗಳೇನೋ ಒಳ್ಳೆಯವೇ. ಎರಡು ವರ್ಷದ ಪಠ್ಯಪುಸ್ತಕ, ಸಿಇಟಿ ಮತ್ತು ನೀಟ್‌ಗೆ ಓದಿದ ದಪ್ಪ ದಪ್ಪ ಪುಸ್ತಕ, ಒಂದು ನಿಘಂಟು, ಪ್ರೌಢಶಾಲೆಯಲ್ಲಿ ಬಹುಮಾನವಾಗಿ ಬಂದ ಒಂದು ಭೂಗೋಳ. ಅರ್ಧ ಪುಸ್ತಕಗಳ ಚಿತ್ರ ತೆಗೆದು, ವಿದ್ಯಾರ್ಥಿಗಳ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಒಟ್ಟಿಗೆ 800 ರೂಪಾಯಿ’ ಎಂದು ಹಾಕಿದಳು. ಸಿಂಧನೂರಿನ ಕಡೆಯ ಹುಡುಗನೊಬ್ಬ ಕೂಡಲೇ ಫೋನು ಮಾಡಿದ.

“ಅಕ್ಕಾ, ಒಂದಿಷ್ಟು ಕಮ್ಮಿ ಮಾಡ್ರಿ. ನಮ್ಮಪ್ಪ ಮಂದಿ ಗದ್ದೆಗೆ ಕೂಲಿಗೆ ಹೋಗ್ತಾನ್ರಿ. ಅಷ್ಟು ರೊಕ್ಕ ಇಲ್ರಿ ನಮ್ಮ ಕಡೆ.”

ಹುಡುಗಿಗೆ ಮನಸ್ಸು ಕರಗಿತು. “ಆಯ್ತು, 700 ಕೊಡು. ಕಳಿಸೋ ಖರ್ಚೂ ಅದರಲ್ಲೇ ಬಂತು” ಅಂದುಬಿಟ್ಟಳು. ಹತ್ತು ನಿಮಿಷದಲ್ಲಿ ಯುಪಿಐ ಮೂಲಕ 700 ರೂಪಾಯಿ ಬಂದು ಬಿತ್ತು. ಆವತ್ತು ಮನೆಯಲ್ಲಿ ಪಾಯಸವೊಂದು ಮಾಡಲಿಲ್ಲ ಅಷ್ಟೆ. 2,300 ಇನ್ನು ಹೊಂದಿಸಿದರಾಯಿತು ಎಂದು ತಾಯಿಯೂ ಲೆಕ್ಕ ಹಾಕಿದಳು.

ಮಾರನೆಯ ದಿನ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಪೇಟೆಗೆ ಹೋದಾಗ ಬಣ್ಣ ಬಯಲಾಯಿತು. ಅಂಚೆಯಲ್ಲಿ ಪುಸ್ತಕಕ್ಕೆ ಇದ್ದ ರಿಯಾಯಿತಿ ತೆಗೆದುಹಾಕಿದ್ದಾರೆ ಎಂದು ಪುಸ್ತಕದಂಗಡಿಯವರು ಯಾರೋ ಹೇಳಿದ್ದರಿಂದ ಅವಳು ಅಂಚೆ ಕಚೇರಿಯ ಮೆಟ್ಟಿಲು ಹತ್ತಲೇ ಇಲ್ಲ. ನೇರ ಕೊರಿಯರ್ ಅಂಗಡಿಗೆ ಹೋದಳು. ತಕ್ಕಡಿ 6 ಕಿಲೋ 200 ಗ್ರಾಂ ತೋರಿಸಿತು. ಕಿಲೋಗೆ 70 ರೂಪಾಯಿ. 200 ಗ್ರಾಂ ಆದರೂ ಇನ್ನೊಂದು ಕಿಲೋ ಲೆಕ್ಕವೇ. ಏಳು ಕಿಲೋಗೆ 490. ರಟ್ಟಿನ ಪೆಟ್ಟಿಗೆ, ಟೇಪು 40. ಹೋಗಿಬರುವ ಆಟೋ 40. ಉಳಿದದ್ದು 130 ರೂಪಾಯಿ. ಕೊಳ್ಳುವಾಗ ಆ ಪುಸ್ತಕಗಳಿಗೆ ಅಪ್ಪ ಎರಡೂವರೆ ಸಾವಿರ ಕೊಟ್ಟಿದ್ದ.

ಅಂಗಡಿಯ ಮುಂದೆಯೇ ನಿಂತು ಒಂದು ಗಳಿಗೆ ಯೋಚಿಸಿದಳಂತೆ. ಹುಡುಗನಿಗೆ ಫೋನು ಮಾಡಿ ಇನ್ನೂ 300 ಕೇಳಲೇ? ದುಡ್ಡು ವಾಪಸ್ಸು ಕಳಿಸಿ ಬೇಡವೆಂದುಬಿಡಲೇ? ಕೊನೆಗೆ ತಾತನಿಗೆ ಫೋನು ಮಾಡಿದಳು.

“ಮಾತು ಕೊಟ್ಟಿದ್ದೀಯಾ?”

“ಕೊಟ್ಟಿದ್ದೀನಿ.”

“ದುಡ್ಡು ಈಸ್ಕೊಂಡಿದ್ದೀಯಾ?”

“ಹ್ಞೂಂ.”

“ಹಂಗಾದ್ರೆ ಕಳ್ಸಿ ಮನೆಗೆ ಬಾ. ಆಮೇಲೆ ಮಾತಾಡಾನ.”

ಕಳಿಸಿ ಬಂದಳು. ತಾಯಿ ಏನೂ ಅನ್ನಲಿಲ್ಲ. ರೊಟ್ಟಿ ತಟ್ಟುತ್ತಿದ್ದವಳು ತಟ್ಟುತ್ತಲೇ ಇದ್ದಳು. ಬೈದಿದ್ದರೇ ಚೆನ್ನಾಗಿತ್ತು ಎಂದು ಹುಡುಗಿಗೆ ಅನ್ನಿಸಿತು.

ತಾತ ಮಾತ್ರ ಮಾತಾಡಿದ. ಆತ ಜನ್ಮವಿಡೀ ಕೊಬ್ಬರಿ ಮಾರಿದವನು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಎಂದರೆ ಗೊತ್ತಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಬತ್ತಿ ಕೊಬ್ಬರಿ ತಾನೇ ಚಿಪ್ಪು ಬಿಡುವ ತನಕ ಹತ್ತು ಹನ್ನೆರಡು ತಿಂಗಳು ಕಾಯಬೇಕು. ಅಷ್ಟು ಕಾದ ಮೇಲೆ ಮಂಡಿಯಲ್ಲಿ ಕೂಗುವ ಬೆಲೆ ಕೇಳಿ ಹಿಗ್ಗುವ ಹುಡುಗುಬುದ್ಧಿ ಆತನಿಗೆ ಎಂದೋ ಬಿಟ್ಟುಹೋಗಿತ್ತು.

“ಪುಟ್ಟಿ, ಕ್ವಿಂಟಾಲಿಗೆ ಇಷ್ಟು ಅಂತ ಕೂಗಿದ್ರು ಅಂತ ಮನೇಲಿ ಬಂದು ಹೇಳಿದ್ರೆ ಆಯ್ತಾ? ಗಾಡಿ ಬಾಡಿಗೆ ಯಾರಪ್ಪ ಕೊಡ್ತಾನೆ? ಸುಲಿದೋನಿಗೆ ಕೂಲಿ ಬೇಡ್ವಾ? ಚೀಲ ಹೊತ್ತೋನು ಸುಮ್ನೆ ಹೊತ್ತಾನಾ? ಗೋಣಿಚೀಲ ಪುಕ್ಸಟ್ಟೆ ಬರ್ತದಾ? ಎಲ್ಲಾ ಕಳ್ದು ಜೇಬಿಗೆ ಎಷ್ಟು ಬಿತ್ತು ಹೇಳು, ಅದು ಬೆಲೆ. ಮಿಕ್ಕಿದ್ದು ಬರೀ ಕೂಗು.”

ಆತ ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಟ್ಟದಲ್ಲಿ ಉಳಿದಿದ್ದ ಅರ್ಧ ಪುಸ್ತಕಗಳನ್ನು ಇಳಿಸಿ, ಕೊಬ್ಬರಿ ತೂಗುವ ತಕ್ಕಡಿಯನ್ನು ಪಡಸಾಲೆಗೆ ತಂದ. ಒಂದೊಂದೇ ಪುಸ್ತಕ ತೂಗಿ ಬರೆದುಕೋ ಎಂದ. ಹುಡುಗಿ ತನ್ನ ಭೌತಶಾಸ್ತ್ರದ ಪ್ರಯೋಗದ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಪಟ್ಟಿ ಮಾಡಿದಳು. ಎರಡು ವರ್ಷ ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಅಳೆದಿದ್ದವಳು, ಮಾರುವ ಮುನ್ನ ಪುಸ್ತಕ ತೂಗಬೇಕೆಂದು ಯೋಚಿಸಿರಲಿಲ್ಲ. ಇದು ಆಕೆಯೊಬ್ಬಳ ತಪ್ಪಲ್ಲ. ನಮ್ಮ ಮಕ್ಕಳಿಗೆ ಅಳತೆ ಎಂದರೆ ಪರೀಕ್ಷೆಯಲ್ಲಿ ಅಂಕ ಬರುವ ವಸ್ತು. ಅದು ಅಡುಗೆಮನೆಗೂ ಅಂಚೆ ಕಚೇರಿಗೂ ಬರುತ್ತದೆಂದು ಯಾರೂ ಹೇಳಿಕೊಡುವುದಿಲ್ಲ.

ಪುಸ್ತಕದ ಅಂಚೆಯ ವಿಚಾರ ಆಮೇಲೆ ತಿಳಿಯಿತು. ಹಳಬರಿಗೆ ‘ಬುಕ್‌ಪೋಸ್ಟ್’ ನೆನಪಿರುತ್ತದೆ. ಮದುವೆಯ ಲಗ್ನಪತ್ರಿಕೆಯ ಲಕೋಟೆಯನ್ನು ಅಂಟಿಸದೆ, ಬಾಯಿ ಹಾಗೇ ಬಿಟ್ಟು, ಮೇಲೆ ‘ಬುಕ್‌ಪೋಸ್ಟ್’ ಎಂದು ಬರೆದು ಕಡಿಮೆ ಅಂಚೆ ಚೀಟಿ ಹಚ್ಚಿ ಕಳಿಸುತ್ತಿದ್ದೆವಲ್ಲ, ಅದೇ ವಂಶದ್ದು. ಅಚ್ಚಾದ ಪುಸ್ತಕಗಳನ್ನು ರಿಯಾಯಿತಿ ದರದಲ್ಲಿ ನೋಂದಾಯಿಸಿ ಕಳಿಸುವ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದ್ದು ನಿಜ. ಸಣ್ಣ ಪ್ರಕಾಶಕರು ಆಗ ಬಹಳ ಪೇಚಾಡಿದರು. ಪುಸ್ತಕದಂಗಡಿಯವರು ಹುಡುಗಿಗೆ ಹೇಳಿದ್ದು ಸುಳ್ಳಲ್ಲ, ಹಳೆಯ ಸುದ್ದಿ. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಶುರುವಾಗಿತ್ತು. 300 ಗ್ರಾಂವರೆಗಿನ ಕಟ್ಟಿಗೆ 20 ರೂಪಾಯಿ. ಅಲ್ಲಿಂದ ತೂಕಕ್ಕೆ ತಕ್ಕಂತೆ ಏರುತ್ತಾ 5 ಕಿಲೋಗೆ 100 ರೂಪಾಯಿ. ತೆರಿಗೆ ಬೇರೆ. ದೇಶದ ಯಾವ ಮೂಲೆಗೆ ಹೋದರೂ ಅದೇ ದರ. ರೈಲು, ಲಾರಿಗಳಲ್ಲಿ ಹೋಗುವುದರಿಂದ ತಲಪುವುದು ನಿಧಾನ. ಆದರೆ ಕಟ್ಟು ಎಲ್ಲಿದೆಯೆಂದು ಮೊಬೈಲಿನಲ್ಲಿ ನೋಡಬಹುದು.

ಅಂದರೆ ಸಿಂಧನೂರಿನ 6 ಕಿಲೋ ಪುಸ್ತಕವನ್ನು ಎರಡು ಕಟ್ಟು ಮಾಡಿ ಕಳಿಸಿದ್ದರೂ ತೆರಿಗೆ ಬಿಟ್ಟು 200 ರೂಪಾಯಿ ಮೀರುತ್ತಿರಲಿಲ್ಲ. ತಾತ ಪೇಟೆಗೆ ಹೋದಾಗ ಅಂಚೆ ಕಚೇರಿಯಲ್ಲಿ ವಿಚಾರಿಸಿ ಈ ಸುದ್ದಿ ತಂದಾಗ ಹುಡುಗಿ ಹಣೆ ಹಣೆ ಚಚ್ಚಿಕೊಂಡಳು.

ಎಲ್ಲ ಕಾಗದವೂ ಜ್ಞಾನ ಪೋಸ್ಟಿಗೆ ಸಲ್ಲುವುದಿಲ್ಲ. ಅಂಗೀಕೃತ ಬೋರ್ಡು, ವಿಶ್ವವಿದ್ಯಾಲಯದ ಪಠ್ಯದ ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಮಾತ್ರ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು. ಜಾಹೀರಾತೇ ತುಂಬಿದ್ದು ನಡೆಯುವುದಿಲ್ಲ. ಆದ್ದರಿಂದ ಹುಡುಗಿಯ ಕೈಬರಹದ ನೋಟ್ಸು ಇದರಲ್ಲಿ ಹೋಗುವಂತಿರಲಿಲ್ಲ. ಸಿಂಧನೂರಿನ ಹುಡುಗ ಅದನ್ನೂ ಕೇಳಿದ್ದ. ಅವಳು ಒಂದು ಭಾನುವಾರ ಕೂತು ಹಾಳೆ ಹಾಳೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿದಳು. ತೂಕವಿಲ್ಲದ್ದು, ಅಂಚೆಯೂ ಇಲ್ಲದ್ದು.

ಎರಡನೆಯ ಕಂತಿನ ಪುಸ್ತಕಗಳಿಗೆ ಸಾಗರದ ಒಬ್ಬ ತಂದೆ ಗಿರಾಕಿಯಾದರು. ಮಗನಿಗೆ ಸಿಇಟಿ ಪುಸ್ತಕ ಬೇಕಿತ್ತು. ಈ ಸಲ ಹುಡುಗಿ ಮೊದಲೇ ಬಿಡಿಸಿ ಹೇಳಿದಳು: ಪುಸ್ತಕಕ್ಕೆ 900, ಅಂಚೆಗೆ ತೆರಿಗೆ ಸೇರಿ ಅಂದಾಜು 120, ಒಟ್ಟು 1,020.

“ಬೇರೆ ಕಡೆಯೆಲ್ಲ ಡೆಲಿವರಿ ಫ್ರೀ ಇರ್ತದಲ್ಲಮ್ಮ?” ಎಂದರು ಅವರು.

ಈ ‘ಫ್ರೀ’ ಎಂಬುದು ನಮ್ಮ ಕಾಲದ ದೊಡ್ಡ ಮಾಯೆ. ಪುಸ್ತಕಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ತಿಪಟೂರಿನಿಂದ ಸಾಗರಕ್ಕೆ ಅದನ್ನು ಯಾರೋ ಹೊರಲೇಬೇಕು, ಹೊತ್ತವರಿಗೆ ಯಾರೋ ಕೊಡಲೇಬೇಕು. ಫ್ರೀ ಎಂದರೆ ಆ ಹಣ ಬೆಲೆಯೊಳಗೆ ಅಡಗಿದೆ ಎಂದರ್ಥ. ಇಲ್ಲವೇ ಮಾರಿದವನ ಜೇಬಿನಿಂದ ಹೋಗಿದೆ, ಸಿಂಧನೂರಿನ ಕಟ್ಟಿನಲ್ಲಿ ಆದ ಹಾಗೆ. ಹುಡುಗಿ ವಾದ ಮಾಡಲಿಲ್ಲ. ತಕ್ಕಡಿಯ ಮೇಲೆ ಪುಸ್ತಕ ಕೂರಿಸಿ ಚಿತ್ರ ತೆಗೆದು ಕಳಿಸಿದಳು, ಜೊತೆಗೆ ಅಂಚೆಯ ದರವನ್ನೂ. ಅವರು ಒಪ್ಪಿಕೊಂಡರು.

ಕಟ್ಟುವ ಕೆಲಸಕ್ಕೆ ಇಡೀ ಮನೆ ಕೂತಿತು. ಮಳೆಗಾಲ, ಅದೂ ಪುಸ್ತಕ ಹೋಗಬೇಕಾದದ್ದು ಮಲೆನಾಡಿಗೆ. ತಾಯಿ ಸೀರೆ ಅಂಗಡಿಯ ಎರಡು ಪ್ಲಾಸ್ಟಿಕ್ ಕವರು ತಂದುಕೊಟ್ಟಳು. ಒಳಗೆ ಪ್ಲಾಸ್ಟಿಕ್, ಅದರ ಮೇಲೆ ಹಳೆಯ ಪತ್ರಿಕೆ, ನಾಲ್ಕೂ ಮೂಲೆಗೆ ಮಡಿಸಿದ ರಟ್ಟು, ಮೇಲೆ ದಪ್ಪ ಕಂದು ಕಾಗದ, ಅಡ್ಡಡ್ಡ ಉದ್ದುದ್ದ ದಾರ. ಪುಸ್ತಕ ಬಿದ್ದಾಗ ಮೊದಲು ಪೆಟ್ಟು ತಿನ್ನುವುದು ಮೂಲೆಯೇ. ಎಲ್ಲ ಭಾರವೂ ಆ ಚೂರೇ ಚೂರು ಜಾಗದ ಮೇಲೆ ಬೀಳುತ್ತದೆ. ಒತ್ತಡದ ಪಾಠದಲ್ಲಿ ಸೂಜಿಯ ಮೊನೆಯ ಉದಾಹರಣೆ ಬರುತ್ತದಲ್ಲ, ಹಾಗೆ. ಆದ್ದರಿಂದ ಕಾಗದ ಉಳಿಸಿದರೂ ಮೂಲೆಯ ರಟ್ಟು ಉಳಿಸಬಾರದು.

ಇಷ್ಟೆಲ್ಲ ಮಾಡಿ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಕಟ್ಟನ್ನು ತಕ್ಕಡಿಯ ಮೇಲೆ ಇಟ್ಟರೆ 5 ಕಿಲೋ 90 ಗ್ರಾಂ! ಮನೆಯಲ್ಲಿ ಬರೀ ಪುಸ್ತಕ ತೂಗಿದಾಗ 4 ಕಿಲೋ 800 ಇತ್ತು. ರಟ್ಟು, ಕಾಗದ, ಪ್ಲಾಸ್ಟಿಕ್, ದಾರ, ಟೇಪು ಎಲ್ಲ ಸೇರಿ 290 ಗ್ರಾಂ. ಜ್ಞಾನ ಪೋಸ್ಟಿಗೆ 5 ಕಿಲೋ ಎಂದರೆ 5 ಕಿಲೋ. ಗೋಣಿಚೀಲದ ತೂಕ ಕಳೆಯುವುದನ್ನು ಎಂದೂ ಮರೆಯದ ತಾತ, ಇಲ್ಲಿ ಅದನ್ನು ಕೂಡುವುದು ಮರೆತಿದ್ದ. ಕೌಂಟರಿನ ಹೆಂಗಸಿನ ಹತ್ತಿರ ಕತ್ತರಿ ಕೇಳಿ ಪಡೆದು, ಪಕ್ಕದ ಬೆಂಚಿನ ಮೇಲೆ ಕಟ್ಟು ಬಿಚ್ಚಿ, ತೆಳ್ಳಗಿನ ಒಂದು ಪ್ರಶ್ನೋತ್ತರದ ಪುಸ್ತಕ ಹೊರಗೆ ತೆಗೆದು, ಮತ್ತೆ ಕಟ್ಟಿದರು. 4 ಕಿಲೋ 900. ಹಿಂದೆ ನಿಂತಿದ್ದವರು ಗೊಣಗಿದರು, ನ್ಯಾಯವೇ.

ಹೊರಗುಳಿದ ಪುಸ್ತಕದ ಬಗ್ಗೆ ಸಾಗರದವರಿಗೆ ಅಲ್ಲಿಂದಲೇ ತಿಳಿಸಿದಳು. ಅವರು ಪರವಾಗಿಲ್ಲ ಎಂದರು. ರಸೀದಿಯ ಮೊತ್ತ ಅವಳ ಅಂದಾಜಿಗಿಂತ 2 ರೂಪಾಯಿ ಕಡಿಮೆ ಬಂದಿತ್ತು. ಸಂಜೆ ರಸೀದಿಯ ಚಿತ್ರದ ಜೊತೆ ಆ 2 ರೂಪಾಯಿಯನ್ನೂ ವಾಪಸ್ಸು ಕಳಿಸಿದಳು. ಅವರಿಗೆ ನಗು ಬಂದಿರಬೇಕು. ಆದರೆ ಅಂಚೆಯ ಹೆಸರು ಹೇಳಿ ಅಂಚೆಗಿಂತ ಹೆಚ್ಚು ವಸೂಲು ಮಾಡಿ ನಾಲ್ಕು ಕಾಸು ಗಿಟ್ಟಿಸುವ ಚಾಳಿ ಈ ವ್ಯಾಪಾರದಲ್ಲಿ ಬಹಳ ಇದೆ. ಬೆಲೆಯಲ್ಲಿ ಲಾಭ ಕೇಳುವುದು ಬೇರೆ, ಬಾಡಿಗೆಯಲ್ಲಿ ಕದಿಯುವುದು ಬೇರೆ.

ಇನ್ನು ನಿಘಂಟು. ಅದನ್ನು ಬೆಂಗಳೂರಿನಲ್ಲಿರುವ ದೊಡ್ಡಮ್ಮನ ಮಗ ಒಂದು ದೊಡ್ಡ ಜಾಲತಾಣದಲ್ಲಿ ಮಾರಿಸಿಕೊಡುತ್ತೇನೆಂದ. ಅಲ್ಲಿ ಗಿರಾಕಿಗಳು ಲಕ್ಷಗಟ್ಟಲೆ. ಅದಕ್ಕೆ ತಕ್ಕ ದಲ್ಲಾಳಿಯೂ ಉಂಟು. ಮಾರಾಟದ ಬೆಲೆಯಲ್ಲಿ ನೂರಕ್ಕೆ ಇಷ್ಟು, ವಸ್ತುವೊಂದಕ್ಕೆ ಇಂತಿಷ್ಟೆಂದು ನಿಗದಿ ಶುಲ್ಕ, ಸಾಗಿಸಿದ್ದಕ್ಕೆ ಇನ್ನಿಷ್ಟು, ಈ ಶುಲ್ಕಗಳ ಮೇಲೆ ನೂರಕ್ಕೆ 18 ಜಿಎಸ್‌ಟಿ. ದರಪಟ್ಟಿ ಜಾಲತಾಣದಲ್ಲೇ ಇರುತ್ತದೆ, ಗುಟ್ಟೇನಲ್ಲ. ಓದುವವರು ಕಡಿಮೆ.

ಇದೆಲ್ಲಕ್ಕೂ ಮೂಲಪುರುಷ ಎನ್ನಬಹುದಾದದ್ದು ಅಮೆರಿಕದ ‘ಇಬೇ’. 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣ ಶುರುಮಾಡಿದ ಆ ಹರಾಜುಕಟ್ಟೆಯಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14 ಡಾಲರ್ 83 ಸೆಂಟ್! ಕೆಟ್ಟಿದೆ ಎಂದು ಹೇಳಿಯೇ ಮಾರಿದ್ದರು. ಕೊಂಡವನಿಗೆ ಕೆಟ್ಟ ಪಾಯಿಂಟರ್ ಸಂಗ್ರಹಿಸುವ ಹುಚ್ಚಂತೆ. ಆ ಸಂಸ್ಥೆ ಅಮೆರಿಕದಲ್ಲಿ ಮಾರುವವರಿಂದ ತೆಗೆದುಕೊಳ್ಳುವ ಪಾಲು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಅಂಚೆ ವೆಚ್ಚವೂ ಸೇರಿದ ಒಟ್ಟು ಮೊತ್ತದ ಮೇಲೆ. ಬೆಲೆ ಕಡಿಮೆ ತೋರಿಸಿ ಅಂಚೆಯ ಹೆಸರಿನಲ್ಲಿ ಹಣ ಕೀಳುವ ಜಾಣರಿಗೆ ಇದರಿಂದ ದಾರಿ ಮುಚ್ಚಿತು. ಆದರೆ ಪ್ರಾಮಾಣಿಕವಾಗಿ ಅಂಚೆಗೆ ಕಟ್ಟಿದ ಹಣದ ಮೇಲೂ ಪಾಲು ಕೊಡಬೇಕಾಯಿತು. ಹೀಗೆ ಪಾಲು ಹಿಡಿಯುವ ಕಡೆ ಬೆಲೆ ಇಡುವುದು ಹೇಗೆ?

ವಿದ್ಯಾರ್ಥಿಗಳು ಒಂದು ಕಾಗದ ತೆಗೆದುಕೊಳ್ಳಿ. ಕೈಗೆ 300 ಉಳಿಯಬೇಕು. ಅಂಚೆ 120, ಕಟ್ಟುವ ಸಾಮಾನು 20. ಒಟ್ಟು 440. ಕಮಿಷನ್ ಲೆಕ್ಕದ ಅನುಕೂಲಕ್ಕೆ ನೂರಕ್ಕೆ 10 ಎನ್ನೋಣ. ದೊಡ್ಡಮ್ಮನ ಮಗ, ಹೇಳಿಕೇಳಿ ಬಿಕಾಂ, 440ಕ್ಕೆ ಅದರ ಹತ್ತನೆಯ ಒಂದು ಭಾಗ 44 ಕೂಡಿಸಿ “484 ಇಡು” ಎಂದ. ಹುಡುಗಿ ತಾಳೆ ನೋಡಿದಳು. 484ರಲ್ಲಿ ನೂರಕ್ಕೆ 10 ಎಂದರೆ 48 ರೂಪಾಯಿ 40 ಪೈಸೆ. ಕಳೆದರೆ 435 ರೂಪಾಯಿ 60 ಪೈಸೆ. ಎಲ್ಲಿ ಹೋಯಿತು 4 ರೂಪಾಯಿ 40 ಪೈಸೆ? ಜಾಲತಾಣದವರು ಶೇಕಡಾ ಹಿಡಿಯುವುದು ನಮ್ಮ ಖರ್ಚಿನ ಮೇಲಲ್ಲ, ಕೊಳ್ಳುವವನು ಕೊಟ್ಟ ಮೊತ್ತದ ಮೇಲೆ. ಆದ್ದರಿಂದ ಇದು ಕೂಡುವ ಲೆಕ್ಕವಲ್ಲ, ನಮ್ಮ ಹಳೆಯ ತ್ರೈರಾಶಿ. ನೂರು ಭಾಗದಲ್ಲಿ ತೊಂಬತ್ತು ಭಾಗ ನಮ್ಮದು. ತೊಂಬತ್ತಕ್ಕೆ 440 ಆದರೆ ನೂರಕ್ಕೆ ಎಷ್ಟು? 488 ರೂಪಾಯಿ 89 ಪೈಸೆ, ಅಂದರೆ 489. ಕಮಿಷನ್ನಿನ ಮೇಲೆ ಜಿಎಸ್‌ಟಿ ಸೇರಿಸಿದರೆ ಹೋಗುವುದು ನೂರಕ್ಕೆ 11.8, ಆಗ 440ನ್ನು 88.2 ಭಾಗಕ್ಕೆ ಹಿಡಿಯಬೇಕು, ಬೆಲೆ 499 ಆಗುತ್ತದೆ. 484 ಎಲ್ಲಿ, 499 ಎಲ್ಲಿ! ಒಂದು ಪುಸ್ತಕಕ್ಕೆ 15 ರೂಪಾಯಿ ಚಿಲ್ಲರೆ ಎನ್ನಬಹುದು. ಆ ಮನೆಯಲ್ಲಿ ಆವತ್ತು 15 ರೂಪಾಯಿ ಚಿಲ್ಲರೆಯಾಗಿರಲಿಲ್ಲ.

ನಿಘಂಟು ಹೀಗೆ ಲೆಕ್ಕ ಹಾಕಿಯೇ ಹೋಯಿತು, 300 ಉಳಿಯಿತು. ಆದರೆ ಅದೇ ತ್ರೈರಾಶಿ ಅಂಚೆ ಕಚೇರಿಯಿಂದ ವಾಪಸ್ಸು ಬಂದ ಆ ತೆಳ್ಳಗಿನ ಪುಸ್ತಕಕ್ಕೆ ಹಿಡಿದಾಗ, 40 ರೂಪಾಯಿಗೆ ಮಾರಿದರೆ ನಿಗದಿ ಶುಲ್ಕ, ಅಂಚೆ ಎಲ್ಲ ಕಳೆದು ಕೈಯಿಂದಲೇ ಹಾಕಬೇಕಾಗುತ್ತಿತ್ತು. ಎದುರು ಮನೆಯ ಹುಡುಗನಿಗೆ ಹಾಗೇ ಕೊಟ್ಟಳು. ಹಿಂದಿನ ಬೀದಿಯ ಪದ್ಧತಿ ಎಲ್ಲಿಗೂ ಹೋಗಿಲ್ಲ.

ಭೂಗೋಳದ್ದು ಇನ್ನೊಂದು ಕಥೆ. ಅದು ತೂಕದಲ್ಲಿ ಮುಕ್ಕಾಲು ಕಿಲೋ ಕೂಡ ಇಲ್ಲ. ಹಾವೇರಿಯಿಂದ ಒಬ್ಬರು ಕೇಳಿದ್ದರು. ಕೊರಿಯರಿನವರು ಪೆಟ್ಟಿಗೆಗೆ ಟೇಪು ಹಿಡಿದು, ಉದ್ದ 30 ಸೆಂಟಿಮೀಟರ್, ಅಗಲ 30, ಎತ್ತರ 30 ಎಂದು ಅಳೆದು “ಐದೂವರೆ ಕಿಲೋ ಚಾರ್ಜು” ಎಂದರು. ಹುಡುಗಿ ಜಗಳಕ್ಕೇ ನಿಂತಳು. ಅವರದೂ ತಪ್ಪಲ್ಲ. ಮೂರನ್ನೂ ಗುಣಿಸಿದರೆ 27,000 ಘನ ಸೆಂಟಿಮೀಟರ್. ಕೊರಿಯರಿನವರು ಅದನ್ನು ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ, 5.4 ಬರುತ್ತದೆ. ನಿಜವಾದ ತೂಕ, ಈ ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಲಾರಿಯಲ್ಲಿ ಗಾಳಿ ತುಂಬಿದ ಪೆಟ್ಟಿಗೆಯೂ ಜಾಗ ತಿನ್ನುತ್ತದೆ. ಬಸ್ಸಿನಲ್ಲಿ ಕೋಳಿ ಬುಟ್ಟಿಗೆ ಕಂಡಕ್ಟರು ಲಗೇಜು ಹಾಕುವುದಿಲ್ಲವೇ, ಅದೇ ನ್ಯಾಯ. ಪುಸ್ತಕ ಸಣ್ಣ ಜಾಗದಲ್ಲಿ ಹೆಚ್ಚು ತೂಗುವ ವಸ್ತು, ಅದಕ್ಕೆ ತೂಕವೇ ಶತ್ರು. ಭೂಗೋಳ, ದಿಂಬು, ಲ್ಯಾಂಪು ಇಂಥವಕ್ಕೆ ಗಾತ್ರವೇ ಶತ್ರು. ಇಡೀ ಪ್ರಪಂಚವನ್ನು ಹಾವೇರಿಗೆ ಕಳಿಸುವ ಯೋಚನೆ ಕೈಬಿಟ್ಟು, ಊರ ಹತ್ತಿರದವರೇ ಬಂದು ಒಯ್ಯುವಂತೆ ಮತ್ತೊಮ್ಮೆ ಜಾಹೀರಾತು ಹಾಕಿದಳು.

ಆ ಜಾಹೀರಾತಿಗೇ ಒಬ್ಬ ಫೋನು ಮಾಡಿದ. ಸೇನೆಯಲ್ಲಿದ್ದೇನೆ, ತಿಪಟೂರಿಗೆ ವರ್ಗವಾಗಿದೆ ಎಂದ. 250 ರೂಪಾಯಿಗೆ ಚೌಕಾಸಿಯೇ ಮಾಡಲಿಲ್ಲ. “ಈಗಲೇ ದುಡ್ಡು ಹಾಕ್ತೀನಿ, ಒಂದು ಕ್ಯೂಆರ್ ಕೋಡ್ ಕಳಿಸಿದ್ದೀನಿ. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬರುತ್ತೆ” ಎಂದ. ಸೈನಿಕನೆಂದರೆ ಯಾರಿಗೆ ಗೌರವವಿಲ್ಲ? ಹುಡುಗಿ ಬೆರಳು ಮುಂದೆ ತಂದಿದ್ದಳು. ಪಕ್ಕದಲ್ಲಿ ಹುರುಳಿ ಆರಿಸುತ್ತಾ ಕೂತಿದ್ದ ತಾಯಿ ತಲೆಯೆತ್ತಿ ಕೇಳಿದಳು:

“ದುಡ್ಡು ಕೊಡೋನು ಅವನಲ್ವಾ? ಹಂಗಾದ್ರೆ ನಮ್ಮ ಬೀಗ ನಾವ್ಯಾಕೆ ತೆಗೀಬೇಕು?”

ಏಳನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು. ಯುಪಿಐ ವ್ಯವಸ್ಥೆಯ ಮರ್ಮವೇ ಅದು: ಪಿನ್ ಬೇಕಾಗುವುದು ಹಣ ಹೊರಗೆ ಹೋಗುವಾಗ, ಒಳಗೆ ಬರುವ ಹಣಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಹುಡುಗಿ ಫೋನು ಇಟ್ಟಳು. ಆ ಸೈನಿಕ ಮತ್ತೆ ಕರೆಯಲಿಲ್ಲ. ಹಳೆಯ ಸಾಮಾನು ಮಾರಲು ಹೊರಟವರನ್ನು ಹಿಡಿಯಲು ಇದೊಂದು ಹಳೆಯ ಗಾಳ. ಸಿಕ್ಕಿಬಿದ್ದವರು ತಡಮಾಡದೆ 1930 ಸಂಖ್ಯೆಗೆ ಫೋನು ಮಾಡಿದರೆ ಹೋದ ಹಣ ತಡೆಹಿಡಿಯಲು ಅವಕಾಶವಿರುತ್ತದೆ. ನಾಚಿಕೊಂಡು ಎರಡು ದಿನ ಬಚ್ಚಿಟ್ಟರೆ ಅದೂ ಇಲ್ಲ. ಮಕ್ಕಳು ಬಚ್ಚಿಡುವುದು ಬೈಗುಳಕ್ಕೆ ಹೆದರಿ ಎಂಬುದನ್ನು ತಂದೆತಾಯಿಗಳೂ ತಿಳಿದಿರಬೇಕು.

ಭೂಗೋಳವನ್ನು ಕೊನೆಗೆ ಪಕ್ಕದ ಊರಿನ ಅಂಗನವಾಡಿ ಟೀಚರೊಬ್ಬರು ತಮ್ಮ ಮಗಳಿಗೆಂದು ಸ್ಕೂಟರಿನಲ್ಲಿ ಬಂದು ಒಯ್ದರು. ಅದೇ 250 ರೂಪಾಯಿ, ಕೈಯಲ್ಲೇ ನೋಟು. ಸ್ಕೂಟರಿನ ಹಿಂದೆ ಕೂತ ಮಗು ಭೂಗೋಳವನ್ನು ತಬ್ಬಿಕೊಂಡು ಹೋದದ್ದನ್ನು ಹುಡುಗಿ ತಿರುವಿನವರೆಗೂ ನೋಡಿದಳಂತೆ. ಅದು ಅವಳಿಗೆ ಎಂಟನೆಯ ತರಗತಿಯಲ್ಲಿ ಬಂದ ಬಹುಮಾನ.

ದುಡ್ಡು ಆಮೇಲೆ ಕೊಡುತ್ತೇನೆ, ಪುಸ್ತಕ ಕೈಗೆ ಬಂದ ಮೇಲೆ ಕೊಡುತ್ತೇನೆ ಎಂದವರೂ ಇದ್ದರು. ಹಿಂದೆ ವಿ.ಪಿ.ಪಿ.ಯಲ್ಲಿ ಪುಸ್ತಕ, ಔಷಧಿ ತರಿಸುತ್ತಿದ್ದ ಕಾಲದಲ್ಲೂ ಈ ತೊಡಕು ಇತ್ತು. ಅಂಚೆಯವನು ಬಂದಾಗ ‘ಬೇಡ’ ಎಂದು ಬಾಗಿಲು ಹಾಕಿಕೊಂಡರೆ ಕಟ್ಟು ವಾಪಸ್ಸು ಬರುತ್ತದೆ, ಹೋದ ಖರ್ಚು ಮಾರಿದವನ ತಲೆಗೆ. ಪಿನ್‌ಕೋಡ್ ತಪ್ಪಾಗಿ ಬರೆದರೂ ಕಟ್ಟು ಅಲೆದಾಡಬಹುದು. ಹುಡುಗಿ ಸಾಗರದವರ ವಿಳಾಸವನ್ನು ಅವರಿಗೇ ಓದಿ ಹೇಳಿಸಿ ಆಮೇಲೆ ಬರೆದಿದ್ದಳು.

ಜುಲೈ ಮೊದಲ ವಾರ ಪ್ರಯೋಗದ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೊತ್ತ ಹಾಕಿದಳು. ಸಿಂಧನೂರು 130. ಸಾಗರ 900ರಲ್ಲಿ ಕಾಗದ, ಟೇಪು 30, ಬಸ್ಸು 40 ಕಳೆದು 830. ನಿಘಂಟು 300. ಭೂಗೋಳ 250. ಒಟ್ಟು 1,510. ಕೂಗಿನ ಬೆಲೆಗಳನ್ನೇ ಕೂಡಿದ್ದರೆ ಎರಡು ಸಾವಿರ ದಾಟುತ್ತಿತ್ತು. ತಾಯಿ ಸಂಘದಲ್ಲಿ 3,000ದ ಬದಲು 1,500 ಬರೆಸಿದಳು. 10 ರೂಪಾಯಿ ಉಳಿಯಿತು, ಅದಕ್ಕೆ ತಾತನಿಗೆ ಎಲೆ ಅಡಿಕೆ.

ಆಗಸ್ಟ್‌ನಲ್ಲಿ ಹುಡುಗಿ ಹಾಸ್ಟೆಲಿನಲ್ಲಿದ್ದಾಗ ಸಿಂಧನೂರಿನ ಹುಡುಗನ ಸಂದೇಶ ಬಂತು. ಪುಸ್ತಕಗಳನ್ನು ಚೆನ್ನಾಗಿ ಓದುತ್ತಿದ್ದಾನಂತೆ. ಅವನ ಮಾವನ ಮಗನ ಹತ್ತನೆಯ ತರಗತಿಯ ಪುಸ್ತಕಗಳಿವೆ, ಮಾರಬೇಕು, ಎಷ್ಟಕ್ಕೆ ಹಾಕಲಿ ಎಂದು ಕೇಳಿದ್ದ.

“ಎಷ್ಟು ತೂಕ ಇವೆ?” ಎಂದು ಅವಳು ಬರೆದಳು.

“ಪುಸ್ತಕ ಯಾರರ ತೂಕ ಮಾಡ್ತಾರೇನ್ರಿ ಅಕ್ಕಾ?”

ಅವಳು ಸಿಂಧನೂರಿನ ಕಟ್ಟಿನ ಕೊರಿಯರ್ ರಸೀದಿಯ ಚಿತ್ರ ಕಳಿಸಿದಳು. 490 ರೂಪಾಯಿ. ಅರ್ಧ ಗಂಟೆ ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಒಂದು ಚಿತ್ರ ಬಂತು: ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಪುಸ್ತಕ, ಪಕ್ಕದಲ್ಲಿ ಈರುಳ್ಳಿ ಚೀಲ. 3 ಕಿಲೋ 400 ಗ್ರಾಂ. ಕೆಳಗೆ ಬರೆದಿದ್ದ: ‘ರಟ್ಟು, ದಾರ ಬ್ಯಾರೇರಿ.’